ಮಳೆಗಾಲದಲ್ಲಿ ಕೆಂಚನಿಗೆ ಮೂತ್ರ ಕಟ್ಟಿದ್ದು

ಮಲೆನಾಡಿನ ಹಳೆಯ ಮನೆಗಳಲ್ಲಿ ಬೆಕ್ಕಿಗೆ ಬಚ್ಚಲ ಒಲೆಯ ಬೂದಿಯೇ ಶೌಚದ ಜಾಗ. ಸಾಗರದಿಂದ ಹತ್ತು ಕಿಲೋಮೀಟರು ಒಳಗಿರುವ ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ಬೇಸಿಗೆಯಲ್ಲಿ ಬೆಕ್ಕುಗಳು ಅಡಿಕೆ ತೋಟಕ್ಕೋ ಅಂಗಳದಾಚೆಯ ಸಡಿಲ ಮಣ್ಣಿಗೋ ಹೋಗಿಬರುತ್ತವೆ. ಮಳೆ ಹಿಡಿದುಕೊಂಡರೆ ಒಲೆಯ ಬಾಯಿಂದ ಎಳೆದು ಹಾಕಿದ ತಣ್ಣಗಿನ ಬೂದಿಯಲ್ಲಿ ಗುಳಿ ತೋಡಿ, ಕುಳಿತೆದ್ದು, ಮುಚ್ಚಿಟ್ಟು ಬರುತ್ತವೆ. ಎಷ್ಟು ಸಲ ಹೋದವು, ಎಷ್ಟು ಹೊತ್ತು ಕುಳಿತವು ಎಂದು ಯಾರೂ ಗಮನಿಸುವುದಿಲ್ಲ. 2022ರ ಜುಲೈ ತಿಂಗಳ ಒಂದು ಮಂಗಳವಾರ ಸಂಜೆ ನಮ್ಮ ಗಂಡು ಬೆಕ್ಕು ಕೆಂಚ ಅರ್ಧ ಗಂಟೆಯೊಳಗೆ ಐದು ಸಲ ಆ ಬೂದಿಗೆ ಹೋಗಿ ಕುಳಿತದ್ದು ನನ್ನ ಕಣ್ಣಿಗೆ ಬಿತ್ತು. ನೀರು ಕಾಯಿಸಲೆಂದು ಒಲೆಯ ಮುಂದೆಯೇ ಕೂತಿದ್ದರಿಂದ ಬಿತ್ತು. ಆದರೆ ಅದರ ಅರ್ಥವೇನೆಂದು ನನಗೆ ತಿಳಿಯಲಿಲ್ಲ.

ಅವನು ಬೆನ್ನು ಬಾಗಿಸಿ, ಬಾಲ ನಡುಗಿಸುತ್ತ, ಮುಂದಿನ ಕಾಲುಗಳನ್ನು ಬೂದಿಯಲ್ಲಿ ಊರಿಕೊಂಡು ತಿಣುಕುತ್ತಿದ್ದ. ಎದ್ದು ಎರಡು ಹೆಜ್ಜೆ ನಡೆದು, ಕೂತು, ಹಿಂಗಾಲಿನ ಸಂದಿಯನ್ನು ನೆಕ್ಕಿಕೊಳ್ಳುತ್ತಿದ್ದ. ಮತ್ತೆ ಹೋಗಿ ಕುಳಿತುಕೊಳ್ಳುತ್ತಿದ್ದ. ಒಂದೆರಡು ಸಲ ಗಂಟಲಿನ ಆಳದಿಂದ, ಅವನು ಹಿಂದೆಂದೂ ಮಾಡದಿದ್ದ ಒಂದು ತಗ್ಗಿನ ದನಿ ಬಂತು. ಮಲಬದ್ಧತೆಯಾಗಿದೆ ಎಂದು ನಾನು ಎಣಿಸಿದೆ. ಅತ್ತೆಯವರೂ ಹಾಗೆಯೇ ಹೇಳಿದರು. ಅರ್ಧ ಚಮಚ ಹರಳೆಣ್ಣೆಯನ್ನು ಕಷ್ಟಪಟ್ಟು ಅವನ ಬಾಯಿಗೆ ಬಿಟ್ಟು, ಬೆಳಗಾಗುವಷ್ಟರಲ್ಲಿ ಸರಿಹೋಗುತ್ತದೆ ಎಂದುಕೊಂಡು ಮಲಗಿದೆ. ಆ ರಾತ್ರಿ ಮಲಗಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿದೆ. ಗಂಡು ಬೆಕ್ಕು ಹೀಗೆ ಮತ್ತೆ ಮತ್ತೆ ಕುಳಿತು ತಿಣುಕುತ್ತಿದ್ದರೆ ಅದನ್ನು ಮೊದಲು ಮೂತ್ರ ಕಟ್ಟಿದೆಯೆಂದೇ ತಿಳಿಯಬೇಕು, ಮಲಬದ್ಧತೆಯ ಮಾತು ಅದಾದ ಮೇಲೆ ಎಂದು ಅನಂತರ ವೈದ್ಯರು ಹೇಳಿದರು. ಇದನ್ನು ಬರೆಯುತ್ತಿರುವುದೇ ಆ ಒಂದು ಮಾತು ಇನ್ನೊಂದು ಮನೆಗೆ ಹೊತ್ತಿಗೆ ಮುಂಚೆ ತಲುಪಲಿ ಎಂದು.

ಬೆಕ್ಕಿನ ಆರೋಗ್ಯದ ಬಗ್ಗೆ ನಾವು ಏನೂ ತಿಳಿಯದವರಾಗಿರಲಿಲ್ಲ ಎನ್ನುವುದೇ ಹೆಚ್ಚು ನೋವಿನ ಸಂಗತಿ. ಕೆಂಚನಿಗಿಂತ ಮೊದಲು ನಮ್ಮ ಮನೆಯ ಬೆಕ್ಕು ಅಟ್ಟದಲ್ಲಿ ಹಾಕಿದ ನಾಲ್ಕು ಮರಿಗಳಲ್ಲಿ ಮೂರು, ಎರಡೂವರೆ ತಿಂಗಳಿನವಾಗಿದ್ದಾಗ, ಒಂದೇ ವಾರದಲ್ಲಿ ವಾಂತಿ ಬೇಧಿಯಾಗಿ ಸತ್ತಿದ್ದವು. ನೀರಿನ ಬಟ್ಟಲಿನ ಮೇಲೆ ತಲೆ ಬಾಗಿಸಿ ಕುಳಿತು, ಕುಡಿಯಲಾರದೆ, ಹಾಗೆಯೇ ನಿಶ್ಚಲವಾಗುತ್ತಿದ್ದ ಆ ಮರಿಗಳನ್ನು ನೋಡಿದವರು ಮರೆಯಲಾರರು. ಅದು ಪ್ಯಾನ್‌ಲ್ಯೂಕೋಪೀನಿಯಾ ಎಂಬ ರೋಗ, ನಾಯಿಮರಿಗಳನ್ನು ಕೊಲ್ಲುವ ಪಾರ್ವೋ ವೈರಾಣುವಿನ ಬಳಗಕ್ಕೆ ಸೇರಿದ್ದು, ರಕ್ತದ ಬಿಳಿ ಕಣಗಳನ್ನು ನೆಲಕಚ್ಚಿಸುತ್ತದೆ, ವೈರಾಣುವನ್ನು ಕೊಲ್ಲುವ ಔಷಧವೆಂಬುದು ಕೈಗೆಟುಕುವುದಿಲ್ಲ, ಡ್ರಿಪ್ ಕೊಟ್ಟು ಜೀವ ಹಿಡಿದಿಡಲು ಪ್ರಯತ್ನಿಸಬೇಕಷ್ಟೇ ಎಂದು ಆಗ ತಿಳಿಯಿತು. ಆ ವೈರಾಣು ನೆಲದಲ್ಲಿ, ಗೋಣಿಚೀಲದಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲುದೆಂದು ಕೇಳಿ ಅಟ್ಟದ ಹಳೆಯ ಗೋಣಿಗಳನ್ನೆಲ್ಲ ಸುಟ್ಟೆವು, ನೆಲವನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದೆವು. ಮುಂದೆ ನೆಂಟರ ಮನೆಯಿಂದ ಕೆಂಚನನ್ನು ತಂದಾಗ ಎಂಟನೆಯ ವಾರದಿಂದ ಹದಿನಾರನೆಯ ವಾರದೊಳಗೆ ಮೂರು ರೋಗಗಳ ಲಸಿಕೆಯನ್ನು ಮೂರು ಸಲ, ಹನ್ನೆರಡು ವಾರ ಕಳೆದ ಮೇಲೆ ರೇಬೀಸ್ ಲಸಿಕೆಯನ್ನು, ನಡುನಡುವೆ ಜಂತುಹುಳುವಿನ ಔಷಧವನ್ನು ತಪ್ಪದೆ ಕೊಡಿಸಿದೆವು. ಆರನೆಯ ತಿಂಗಳಿನಲ್ಲಿ ಸಂತಾನಹರಣದ ಶಸ್ತ್ರಚಿಕಿತ್ಸೆಯೂ ಆಯಿತು. ಲಸಿಕೆಯ ಕಾರ್ಡನ್ನು ದೇವರ ಕೋಣೆಯ ಗೂಡಿನಲ್ಲಿ, ಹಸುಗಳ ವಿಮೆಯ ಕಾಗದಗಳ ಜೊತೆಗೇ ಇಟ್ಟಿದ್ದೆವು. ಇಷ್ಟು ಮಾಡಿದರೆ ಬೆಕ್ಕಿನ ಆರೋಗ್ಯದ ಕೆಲಸ ಮುಗಿಯಿತೆಂದು ನಾನು ನಂಬಿದ್ದೆ.

ಬುಧವಾರ ಬೆಳಿಗ್ಗೆ ಕೆಂಚ ಬಚ್ಚಲ ಕಲ್ಲಿನ ಮೇಲೆ ಹೊಟ್ಟೆಯೂರಿ ಮಲಗಿದ್ದ. ಹಾಲಿನ ತಂಬಿಗೆಯ ಸದ್ದಿಗೆ ಏಳಲಿಲ್ಲ. ಬೂದಿಯಲ್ಲಿ ಹತ್ತಾರು ಗುಳಿಗಳಿದ್ದವು, ಎಲ್ಲವೂ ಒಣಗಿದ್ದವು. ಒಂದರ ಅಂಚಿನಲ್ಲಿ ಮಾತ್ರ ಗುಲಗಂಜಿಯಷ್ಟು ಕೆಂಪು ಕಲೆಯಿತ್ತು. ಹತ್ತಿರದಲ್ಲಿ ದನಕರುಗಳಿಗೆ ಔಷಧ ಕೊಡುವ ಒಬ್ಬರು ಬಂದು ನೋಡಿ, ಹೊಟ್ಟೆ ಉಬ್ಬರಿಸಿದೆ, ವಾಯು ತುಂಬಿದೆ ಎಂದು ಒಂದು ಚುಚ್ಚುಮದ್ದು ಹಾಕಿ ಹೋದರು. ಹಸು ಎಮ್ಮೆಗಳ ವಿಷಯದಲ್ಲಿ ಅವರು ನಮಗೆ ಎಷ್ಟೋ ಸಲ ನೆರವಾದವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಚುಚ್ಚುಮದ್ದನ್ನು ನಂಬಿ ನಾವು ಮತ್ತೆ ಆರು ಗಂಟೆ ಕಳೆದೆವು. ಮಧ್ಯಾಹ್ನದ ಹೊತ್ತಿಗೆ ಅವನು ನೊರೆ ನೊರೆಯಾಗಿ ಎರಡು ಸಲ ವಾಂತಿ ಮಾಡಿಕೊಂಡ. ಮೈ ಬಿಸಿಯಾಗಿದೆಯೇನೋ, ಮನೆಯಲ್ಲಿರುವ ಜ್ವರದ ಮಾತ್ರೆಯಲ್ಲಿ ಕಾಲು ಭಾಗ ಕೊಟ್ಟು ನೋಡಿದರೆ ಹೇಗೆ ಎಂದು ಪಕ್ಕದ ಮನೆಯವರು ಹೇಳಿದರು. ನಾನು ಕೊಡಲಿಲ್ಲ. ಕೊಡದೇ ಇದ್ದದ್ದು ತಿಳಿವಳಿಕೆಯಿಂದಲ್ಲ, ಅವನ ಬಾಯಿ ತೆರೆಸಲು ಮನಸ್ಸು ಬಾರದ್ದರಿಂದ. ಪ್ಯಾರಾಸಿಟಮಾಲನ್ನು ವಿಲೇವಾರಿ ಮಾಡುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆಂದೂ, ಒಂದು ಮಾತ್ರೆಯ ಸ್ವಲ್ಪ ಭಾಗವೇ ಅದರ ರಕ್ತವನ್ನು ಆಮ್ಲಜನಕ ಹೊರಲಾರದಂತೆ ಕೆಡಿಸಿ ಕೊಲ್ಲಬಹುದೆಂದೂ ಅದೇ ರಾತ್ರಿ ಗೊತ್ತಾದಾಗ ನನ್ನ ಕೈ ತಣ್ಣಗಾಯಿತು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ, ಮನುಷ್ಯರ ಮಾತ್ರೆ ಏನಾದರೂ ಕೊಟ್ಟಿದ್ದೀರಾ ಎಂಬುದಾಗಿತ್ತು.

ನಾಲ್ಕು ಗಂಟೆಗೆ ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿದೆ. ಅವನು ಶಿವಮೊಗ್ಗದ ಒಂದು ಸಾಕುಪ್ರಾಣಿ ಆಸ್ಪತ್ರೆಯ ನಂಬರು ಹುಡುಕಿ ಕೊಟ್ಟ. ಫೋನ್ ಎತ್ತಿದ ವೈದ್ಯೆ ನನ್ನ ಮಾತನ್ನು ಅರ್ಧಕ್ಕೇ ತಡೆದು, "ಗಂಡು ಬೆಕ್ಕೋ ಹೆಣ್ಣೋ? ಕೊನೆಯ ಸಲ ಮೂತ್ರ ಮಾಡಿದ್ದು ನೀವು ನೋಡಿದ್ದು ಯಾವಾಗ?" ಎಂದು ಕೇಳಿದರು. ಗಂಡು ಎಂದೆ. ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ಹಿಂಗಾಲುಗಳ ಮುಂದೆ, ಹೊಟ್ಟೆಯ ಕೆಳಭಾಗವನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಮುಟ್ಟಿ ನೋಡಿ, ನಿಂಬೆಹಣ್ಣಿನಂಥದ್ದು ಗಟ್ಟಿಯಾಗಿ ಸಿಗುತ್ತದೆಯೇ ಹೇಳಿ. ಒತ್ತಬೇಡಿ," ಎಂದರು. ಮುಟ್ಟಿದೆ. ನಿಂಬೆಹಣ್ಣಲ್ಲ, ಮೂಸಂಬಿಯಷ್ಟು ದೊಡ್ಡದು, ಕಲ್ಲಿನಂತೆ ಬಿಗಿದಿತ್ತು. ನನ್ನ ಬೆರಳು ತಾಗಿದ್ದಕ್ಕೇ ಕೆಂಚ ಕಿರುಚಿ ನನ್ನ ಕೈ ಕಚ್ಚಿದ. ಮೂರು ವರ್ಷದಲ್ಲಿ ಅವನು ನನ್ನನ್ನು ಕಚ್ಚಿದ್ದು ಅದೊಂದೇ ಸಲ. "ಈಗಲೇ ಹೊರಡಿ, ನಾಳೆಗೆ ಇಡಬೇಡಿ. ನಾನು ಕಾಯುತ್ತಿರುತ್ತೇನೆ," ಎಂದು ಅವರು ಹೇಳಿದ ರೀತಿಯಲ್ಲಿಯೇ ಎಲ್ಲವೂ ಅರ್ಥವಾಯಿತು. ಕೈಯನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದುಕೊಳ್ಳಲು ಹೇಳುವುದನ್ನೂ ಅವರು ಮರೆಯಲಿಲ್ಲ. ಮರುದಿನ ಆ ಗಾಯವನ್ನು ಮನುಷ್ಯರ ಆಸ್ಪತ್ರೆಯಲ್ಲೂ ತೋರಿಸಿಕೊಂಡೆ.

ಸಾಗರದಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರಿನಷ್ಟು ದಾರಿ. ನಮ್ಮಲ್ಲಿ ಬೆಕ್ಕಿನ ಪೆಟ್ಟಿಗೆಯಿರಲಿಲ್ಲ. ಲಸಿಕೆಗೆ ಒಯ್ಯುವಾಗಲೆಲ್ಲ ಬಿದಿರಿನ ಬುಟ್ಟಿಗೆ ಹಳೆಯ ಪಂಚೆ ಕಟ್ಟಿ ಒಯ್ಯುತ್ತಿದ್ದೆವು, ಅಂದೂ ಹಾಗೆಯೇ ಮಾಡಿದೆವು. ಆನಂದಪುರ ದಾಟುವಾಗ ಮಳೆ ಎಷ್ಟು ಬಿರುಸಾಗಿತ್ತೆಂದರೆ ಯಜಮಾನರು ಕಾರನ್ನು ಎರಡು ಸಲ ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಕುಂಸಿಯವರೆಗೂ ಬುಟ್ಟಿಯೊಳಗಿನಿಂದ ಆ ತಗ್ಗಿನ ದನಿ ಬರುತ್ತಿತ್ತು; ಅಲ್ಲಿಂದ ಮುಂದೆ ನಿಂತುಹೋಯಿತು. ನೋವು ಕಡಿಮೆಯಾಯಿತೇನೋ ಎಂದು ನಾನು ಸಮಾಧಾನ ಪಟ್ಟುಕೊಂಡೆ. ಅದು ಸಮಾಧಾನ ಪಡುವ ಗುರುತಾಗಿರಲಿಲ್ಲ.

ಆಸ್ಪತ್ರೆಯ ಮೇಜಿನ ಮೇಲೆ ಇಳಿಸಿದಾಗ ಅವನ ಮೈಯ ಉಷ್ಣತೆ 97 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಆರೋಗ್ಯವಂತ ಬೆಕ್ಕಿಗೆ 100.5ರಿಂದ 102.5ರವರೆಗೆ ಇರಬೇಕಂತೆ. ಮೈ ಬಿಸಿಯಾಗಿದೆಯೆಂದು ನಾವು ಎಣಿಸಿದ್ದು ತಪ್ಪಾಗಿತ್ತು, ಅವನು ತಣ್ಣಗಾಗುತ್ತಿದ್ದ. ನಿಮಿಷಕ್ಕೆ 140ರಿಂದ 220 ಸಲ ಬಡಿಯಬೇಕಾದ ಹೃದಯ 110 ಸಲ ಬಡಿಯುತ್ತಿತ್ತು. ಮುಂಗಾಲಿನ ಕೂದಲು ಬೋಳಿಸಿ ರಕ್ತ ತೆಗೆದರು. ಹತ್ತು ನಿಮಿಷದಲ್ಲಿ ಬಂದ ವರದಿಯನ್ನು ವೈದ್ಯೆ ನಮ್ಮ ಮುಂದೆಯೇ ಇಟ್ಟು ಬೆರಳಿಟ್ಟು ತೋರಿಸಿದರು: ಮೂತ್ರಪಿಂಡ ಹೊರಹಾಕಬೇಕಾದ ಕಶ್ಮಲವಾದ ಕ್ರಿಯಾಟಿನಿನ್ 9ರ ಮೇಲೆ, ಪೊಟ್ಯಾಸಿಯಂ 8ರ ಮೇಲೆ, ಎರಡೂ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು. ಮೂತ್ರ ಹೊರಗೆ ಹೋಗದಿದ್ದರೆ ಅದರ ಒತ್ತಡ ಹಿಂದಕ್ಕೆ ಮೂತ್ರಪಿಂಡದವರೆಗೂ ಏರಿ ಅದರ ಕೆಲಸವನ್ನು ನಿಲ್ಲಿಸುತ್ತದೆ, ಹೊರಹೋಗಬೇಕಾದ ವಿಷವೆಲ್ಲ ರಕ್ತದಲ್ಲೇ ಸುತ್ತುತ್ತದೆ, ಅದರಲ್ಲಿ ಮೊದಲು ಕೊಲ್ಲುವುದು ಪೊಟ್ಯಾಸಿಯಂ, ಅದು ಹೃದಯದ ಬಡಿತವನ್ನು ನಿಧಾನಗೊಳಿಸುತ್ತ ಕೊನೆಗೆ ನಿಲ್ಲಿಸಿಬಿಡುತ್ತದೆ ಎಂದು ಅವರು ವಿವರಿಸಿದರು. ಪೂರ್ತಿ ಕಟ್ಟಿದರೆ ಒಂದೆರಡು ದಿನ, ಹೆಚ್ಚೆಂದರೆ ಮೂರು ದಿನದೊಳಗೆ ಬೆಕ್ಕು ಸಾಯುತ್ತದೆ. ನಾವು ಇಪ್ಪತ್ತಾರು ಗಂಟೆ ಕಳೆದು ಬಂದಿದ್ದೆವು.

ಹೆಣ್ಣು ಬೆಕ್ಕಿನ ಮೂತ್ರನಾಳ ಗಿಡ್ಡ, ಅಗಲ. ಗಂಡು ಬೆಕ್ಕಿನದು ಉದ್ದ, ತುದಿಗೆ ಹೋದಂತೆ ಬಹಳ ಸಪೂರ. ಅಲ್ಲಿ ಮರಳಿನಂಥ ಹರಳು, ಉರಿಯೂತದಿಂದ ಬಂದ ಲೋಳೆ, ಸತ್ತ ಜೀವಕೋಶಗಳೆಲ್ಲ ಸೇರಿ ಬಿರಡೆಯಂತೆ ಕೂರುತ್ತವೆ. ಕೆಲವೊಮ್ಮೆ ಬಿರಡೆಯೇ ಇಲ್ಲದೆ ನಾಳ ನೋವಿನಿಂದ ಸೆಟೆದುಕೊಂಡೇ ಮುಚ್ಚಿಹೋಗುತ್ತದೆ. ಬಿಡಿಸಲು ಅರಿವಳಿಕೆ ಕೊಡಬೇಕು, ಆದರೆ ಈ ಹೃದಯಕ್ಕೆ ನೇರವಾಗಿ ಅರಿವಳಿಕೆ ಕೊಟ್ಟರೆ ಮೇಜಿನ ಮೇಲೆಯೇ ಹೋಗಬಹುದು ಎಂದು ಹೇಳಿ, ಒಪ್ಪಿಗೆಯ ಕಾಗದಕ್ಕೆ ಸಹಿ ಪಡೆದರು. ಮೊದಲು ಡ್ರಿಪ್ ಹಚ್ಚಿ, ಹೃದಯವನ್ನು ಕಾಪಾಡಲು ಕ್ಯಾಲ್ಸಿಯಂ ಗ್ಲುಕೊನೇಟನ್ನು ನಿಧಾನವಾಗಿ ಕೊಟ್ಟು, ಪೊಟ್ಯಾಸಿಯಮ್ಮನ್ನು ರಕ್ತದಿಂದ ಜೀವಕೋಶಗಳ ಒಳಕ್ಕೆ ತಳ್ಳಲು ಇನ್ಸುಲಿನ್ನು, ಡೆಕ್ಸ್‌ಟ್ರೋಸು ಕೊಟ್ಟರು. ಇಸಿಜಿಯ ಪರದೆಯ ಮೇಲೆ ಚೂಪಾಗಿ ಎತ್ತರಕ್ಕೆ ಏಳುತ್ತಿದ್ದ ಗೆರೆಗಳು ನಿಧಾನಕ್ಕೆ ತಗ್ಗುವುದನ್ನು ನಮಗೂ ತೋರಿಸಿದರು. ಬಡಿತ 150 ದಾಟಿದ ಮೇಲೆಯೇ ಅವನನ್ನು ಒಳಗೆ ಒಯ್ದದ್ದು.

ಒಳಗಿನ ಬಾಗಿಲು ಅರ್ಧ ತೆರೆದಿತ್ತು. ಅವನನ್ನು ಬೆನ್ನಿನ ಮೇಲೆ ಮಲಗಿಸಿ, ಹೊಲಿಗೆ ಸೂಜಿಗಿಂತ ಸ್ವಲ್ಪವೇ ದಪ್ಪವಿದ್ದ ಒಂದು ಕೊಳವೆಯನ್ನು ಹಿಡಿದು, ಸಿರಿಂಜಿನಿಂದ ಉಪ್ಪುನೀರು ತಳ್ಳುತ್ತ, ಒಂದಿಷ್ಟು ಮುಂದೆ ಹೋಗಿ ನಿಂತು, ಮತ್ತೆ ತಳ್ಳುತ್ತ, ಅವರು ಇಪ್ಪತ್ತು ನಿಮಿಷ ತಲೆಯೆತ್ತದೆ ಕೆಲಸ ಮಾಡಿದರು. ಬಲವಂತ ಮಾಡಿದರೆ ನಾಳ ಹರಿಯುತ್ತದಂತೆ. ಕೊಳವೆಯ ಬಾಯಿಂದ ಮೊದಲು ಎರಡು ಹನಿ ಬಿಳಿಯ ಮರಳು ಲೋಳೆಯೊಂದಿಗೆ ಬಿತ್ತು, ಅದರ ಹಿಂದೆಯೇ ಕೋಕಂ ಹಣ್ಣಿನ ರಸದಂಥ ಕಡುಗೆಂಪು ಮೂತ್ರ ಧಾರೆಯಾಗಿ ಹರಿಯತೊಡಗಿತು. ಸಹಾಯಕ ಹುಡುಗ ಬಟ್ಟಲು ತುಂಬಿ ಇನ್ನೊಂದು ಬಟ್ಟಲು ಹಿಡಿದ. ಯಜಮಾನರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೊರಗೆ ಹೋಗಿ ನಿಂತರು.

ಕೊಳವೆಯನ್ನು ಹೊಲಿಗೆ ಹಾಕಿ ಅಲ್ಲಿಯೇ ಉಳಿಸಿ, ಮೂರು ದಿನ ಅವನನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಮೂತ್ರ ಬಿಟ್ಟಿತು, ಇನ್ನು ಮನೆಗೆ ಹೋಗಬಹುದು ಎಂದು ನಾವು ಎಣಿಸಿದ್ದೆವು. ಆದರೆ ಕಟ್ಟು ಬಿಟ್ಟ ಮೇಲೆ ಮೂತ್ರಪಿಂಡಗಳು ಹತೋಟಿಯಿಲ್ಲದೆ ನೀರನ್ನು ಹೊರಹಾಕುತ್ತವೆಯಂತೆ. ಗಂಟೆಗೆ ಹತ್ತು ಮಿಲಿಲೀಟರು ಬರಬೇಕಾದಲ್ಲಿ ಕೆಂಚನಿಗೆ ಮೊದಲ ರಾತ್ರಿ ನಲವತ್ತರ ಮೇಲೆ ಬಂದಿತ್ತು. ಚೀಲದಲ್ಲಿ ಸೇರಿದ್ದನ್ನು ಅಳೆದು, ಅಷ್ಟನ್ನೂ ಡ್ರಿಪ್ಪಿನಲ್ಲಿ ತಿರುಗಿ ತುಂಬದಿದ್ದರೆ, ಉಳಿಸಿಕೊಂಡ ಬೆಕ್ಕು ನೀರಿಲ್ಲದೆ ಸಾಯುತ್ತದೆ. ಪಂಜರದ ಬಾಗಿಲಿಗೆ ಕಟ್ಟಿದ್ದ ಹಾಳೆಯಲ್ಲಿ ಗಂಟೆ ಗಂಟೆಗೂ ಬರೆದಿದ್ದ ಆ ಅಂಕಿಗಳನ್ನು ನಾನು ಪ್ರತಿದಿನ ಓದುತ್ತಿದ್ದೆ. ಮೂರನೆಯ ದಿನ ಕ್ರಿಯಾಟಿನಿನ್ 2ಕ್ಕೆ ಇಳಿಯಿತು. ಎಲ್ಲ ಸೇರಿ 14,000 ರೂಪಾಯಿ ಖರ್ಚಾಯಿತು. ನಮ್ಮಂಥ ಸಣ್ಣ ಬೆಳೆಗಾರರಿಗೆ ಅದು ಕಡಿಮೆ ಹಣವಲ್ಲ. ಒಂದು ಬೆಕ್ಕಿಗೆ ಅಷ್ಟೇ ಎಂದು ಕೇಳಿದವರೂ ಇದ್ದಾರೆ. ಅವನು ನಮ್ಮ ಮನೆಯವನು, ನಾನು ಬೇರೆ ಉತ್ತರ ಹುಡುಕಲಿಲ್ಲ.

ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ವೈದ್ಯೆ ನನ್ನನ್ನು ಕರೆದರು. ಗಾಜಿನ ಚೂರುಗಳಂತೆ, ಪೆಟ್ಟಿಗೆಯ ಮುಚ್ಚಳದ ಆಕಾರದ ಸ್ಪಷ್ಟ ಅಂಚಿನ ಹರಳುಗಳು ಅಲ್ಲಿ ತುಂಬಿದ್ದವು. ಸ್ಟ್ರೂವೈಟ್, ಮೆಗ್ನೀಸಿಯಂ ಮತ್ತು ಅಮೋನಿಯಂ ಫಾಸ್ಫೇಟಿನ ಹರಳು. ಇದು ಆಹಾರ ಬದಲಿಸಿದರೆ ಕರಗುತ್ತದೆ, ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಇನ್ನೊಂದು ಬಗೆಯದು ಕರಗುವುದಿಲ್ಲ, ಆ ಮಟ್ಟಿಗೆ ನಿಮ್ಮ ಅದೃಷ್ಟ ಎಂದರು. ಸಂತಾನಹರಣ ಮಾಡಿಸಿದ್ದೇ ಇದಕ್ಕೆಲ್ಲ ಕಾರಣವೆಂದು ಊರಿನಲ್ಲಿ ಹೇಳುತ್ತಿದ್ದಾರೆ, ನಿಜವೇ ಎಂದು ಕೇಳಿದೆ. ಶಸ್ತ್ರಚಿಕಿತ್ಸೆಯಿಂದ ನಾಳ ಸಪೂರವಾಗುತ್ತದೆಂಬ ಮಾತಿಗೆ ಆಧಾರವಿಲ್ಲ, ಆದರೆ ಅದಾದ ಬೆಕ್ಕು ಹೆಚ್ಚು ತಿಂದು, ಕಡಿಮೆ ಓಡಾಡಿ, ದಪ್ಪಗಾಗುತ್ತದೆ, ಅಂಥದ್ದಕ್ಕೆ ಈ ತೊಂದರೆ ಹೆಚ್ಚು ಎಂದರು. ಅನಂತರ ಅವರು ಕೇಳಿದ್ದು ಹರಳಿನ ವಿಷಯವನ್ನಲ್ಲ, ನಮ್ಮ ಮನೆಯ ವಿಷಯವನ್ನು: ಮನೆಯಲ್ಲಿ ಇತ್ತೀಚೆಗೆ ಏನು ಬದಲಾಗಿದೆ? ಏನು ತಿನ್ನುತ್ತಾನೆ? ನೀರು ಎಲ್ಲಿಟ್ಟಿದ್ದೀರಿ? ಮೂತ್ರಕ್ಕೆ ಎಲ್ಲಿಗೆ ಹೋಗುತ್ತಾನೆ?

ಒಂದೊಂದೇ ಉತ್ತರ ಹೇಳುತ್ತ ಹೋದಂತೆ ನನಗೇ ಎಲ್ಲವೂ ಕಾಣತೊಡಗಿತು. ಆ ಜೂನಿನಲ್ಲಿ ನನ್ನ ತವರಿನಿಂದ ಬೆಳ್ಳಿ ಎಂಬ ಹೆಣ್ಣು ಬೆಕ್ಕನ್ನು ತಂದಿದ್ದೆವು. ಅದು ಬಂದ ದಿನದಿಂದ ಬಚ್ಚಲಿನ ಬಾಗಿಲಲ್ಲಿಯೇ ಕೂರುತ್ತಿತ್ತು. ಕೆಂಚ ಅದನ್ನು ದಾಟಿ ಬೂದಿಗೆ ಹೋಗಲು ಹೆದರಿ ಹಿಂತಿರುಗುತ್ತಿದ್ದ. ಹೊರಗೆ ಹೋಗೋಣವೆಂದರೆ ಹದಿನೈದು ದಿನದಿಂದ ಮಳೆ ಬಿಟ್ಟಿರಲಿಲ್ಲ. ಹೀಗೆ ಅವನು ಗಂಟೆಗಟ್ಟಲೆ ಮೂತ್ರ ತಡೆದುಕೊಂಡು ಅಟ್ಟದ ಅಡಿಕೆ ಮೂಟೆಗಳ ಮೇಲೆ ಮಲಗಿರುತ್ತಿದ್ದ. ಊಟಕ್ಕೆ ಬೆಳಿಗ್ಗೆ ಹಾಲು ಅನ್ನ, ರಾತ್ರಿ ಅಂಗಡಿಯ ಒಣ ಕಾಳಿನ ಆಹಾರ. ನೀರಿನ ಬಟ್ಟಲು ಕೊಟ್ಟಿಗೆಯಲ್ಲಿ, ನಾಯಿಯದ್ದರ ಪಕ್ಕದಲ್ಲಿ. ನಮ್ಮ ಮನೆಯ ಬೆಕ್ಕುಗಳ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ನಾಡಿನ ಕಾಡುಬೆಕ್ಕು. ಬೇಟೆಯ ಮಾಂಸದಲ್ಲಿರುವ ನೀರಿನಲ್ಲೇ ಬದುಕು ಸಾಗಿಸಿದ ಪ್ರಾಣಿಯಾದ್ದರಿಂದ ಅದಕ್ಕೆ ಬಾಯಾರಿಕೆ ಕಡಿಮೆ, ಮೂತ್ರ ಗಟ್ಟಿ. ಇಲಿಯ ಮೈಯಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ನೀರಿದ್ದರೆ ಒಣ ಕಾಳಿನಲ್ಲಿ ನೂರಕ್ಕೆ ಹತ್ತು ಪಾಲೂ ಕಷ್ಟ. ಮಲೆನಾಡಿನ ಮಳೆಯ ನಡುವೆ ನಮ್ಮ ಬೆಕ್ಕು ನೀರಿಲ್ಲದೆ ಒಣಗಿತ್ತು ಎಂಬುದು ಕೇಳಲು ವಿಚಿತ್ರವಾದರೂ ನಡೆದದ್ದು ಅದೇ.

ಊಟದ ಮಾತು ನಮ್ಮ ಮನೆಯಲ್ಲಿ ಸುಲಭದ್ದಾಗಿರಲಿಲ್ಲ. ನಮ್ಮದು ಹವ್ಯಕರ ಮನೆ, ಅಡುಗೆಮನೆಗೆ ಮೀನು ಮಾಂಸ ಬಂದದ್ದಿಲ್ಲ. ಬೆಕ್ಕು ತೋಟದಲ್ಲಿ ಇಲಿ ಹಿಡಿದು ತಿಂದರೆ ಅದು ಅದರ ಪಾಡು. ನಾವೇ ಕೈಯಾರೆ ತಂದು ಹಾಕುವುದು ಬೇರೆ. ವೈದ್ಯೆ ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ, ಬದಲಿಗೆ ಅತ್ತೆಯವರಿಗೆ ಫೋನಿನಲ್ಲೇ ತಿಳಿಸಿ ಹೇಳಿದರು: "ಅಮ್ಮಾ, ಹಸುವಿಗೆ ಹುಲ್ಲು ಹೇಗೋ ಬೆಕ್ಕಿಗೆ ಮಾಂಸ ಹಾಗೆ. ಟಾರಿನ್ ಅಂತ ಒಂದು ಅಂಶ ಇದೆ, ಅದನ್ನು ಬೆಕ್ಕಿನ ಮೈ ಸಾಕಷ್ಟು ತಯಾರು ಮಾಡಿಕೊಳ್ಳುವುದಿಲ್ಲ, ಅನ್ನದಲ್ಲಿ ಸಿಗುವುದಿಲ್ಲ. ಅದಿಲ್ಲದಿದ್ದರೆ ನಿಧಾನಕ್ಕೆ ಕಣ್ಣು ಹೋಗುತ್ತದೆ, ಹೃದಯ ದೊಡ್ಡದಾಗಿ ಸೋಲುತ್ತದೆ." ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗದೆ ಬೇಧಿಯಾಗುತ್ತದೆ ಎಂದೂ ಹೇಳಿದರು. ಅತ್ತೆಯವರಿಗೆ ಎಪ್ಪತ್ತೆಂಟು ವರ್ಷ. ಕೇಳಿಸಿಕೊಂಡು ಫೋನ್ ನನ್ನ ಕೈಗೆ ಕೊಟ್ಟರು, ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು, ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಹಳೆಯ ಒಗೆಯುವ ಕಲ್ಲನ್ನು ತೊಳೆಸಿ, ಅದರ ಮೇಲೆ ಒಂದು ಬೇರೆ ತಟ್ಟೆ, ಬೇರೆ ಚಮಚ ಇಡಿಸಿ, "ಅದರ ಊಟ ಅದಕ್ಕೆ ಇಲ್ಲಿ ಆಗಲಿ," ಎಂದರು. ಅಂದಿನಿಂದ ಕೆಂಚನ ಹಸಿ ಆಹಾರದ, ಎಂದರೆ ಅಂಗಡಿಯಲ್ಲಿ ಸಿಗುವ ನೀರಿನಂಶ ಹೆಚ್ಚಿರುವ ಮಾಂಸದ ಆಹಾರದ, ಪೊಟ್ಟಣಗಳಿಗೆ ಅದೇ ಜಾಗ. ಅತ್ತೆಯವರು ಆ ತಟ್ಟೆಯನ್ನು ಮುಟ್ಟುವುದಿಲ್ಲ, ಆದರೆ ಹೊತ್ತಿಗೆ ಸರಿಯಾಗಿ ಹಾಕಿದ್ದೇವೆಯೇ ಎಂದು ಕೇಳುವುದನ್ನು ತಪ್ಪಿಸುವುದಿಲ್ಲ.

ಮನೆಗೆ ಬಂದ ಮೊದಲ ಹತ್ತು ದಿನ ಅವನ ಕುತ್ತಿಗೆಗೆ ಪ್ಲಾಸ್ಟಿಕ್ ಕೊರಳುಪಟ್ಟಿ, ದಿನಕ್ಕೆ ಎರಡು ಸಲ ನೋವಿನ ಔಷಧ ಮತ್ತು ನಾಳವನ್ನು ಸಡಿಲಿಸುವ ಮಾತ್ರೆ. ಬೆಕ್ಕಿಗೆ ಮಾತ್ರೆ ನುಂಗಿಸುವುದನ್ನು ನಾನು ಆಸ್ಪತ್ರೆಯ ಸಹಾಯಕ ಹುಡುಗನಿಂದ ಕಲಿತೆ. ದಪ್ಪ ಟವೆಲಿನಲ್ಲಿ ನಾಲ್ಕೂ ಕಾಲು ಸೇರಿಸಿ, ಮೂಗು ಮಾತ್ರ ಹೊರಗಿರುವಂತೆ ಸುತ್ತಿ, ಎಡಗೈಯ ಹೆಬ್ಬೆರಳು ಮತ್ತು ನಡುಬೆರಳನ್ನು ದವಡೆಯ ಎರಡು ಕಡೆಗಿಟ್ಟು ತಲೆಯನ್ನು ಮೇಲೆತ್ತಿದರೆ ಕೆಳದವಡೆ ತಾನಾಗಿ ಸಡಿಲವಾಗುತ್ತದೆ. ಮಾತ್ರೆಯನ್ನು ನಾಲಗೆಯ ಬುಡದಲ್ಲಿ, ನಟ್ಟ ನಡುವೆ ಹಾಕಿ, ಬಾಯಿ ಮುಚ್ಚಿಸಿ, ಹಿಂದೆಯೇ ಸಿರಿಂಜಿನಲ್ಲಿ ಒಂದೆರಡು ಮಿಲಿಲೀಟರು ನೀರನ್ನು ಕೆನ್ನೆಯ ಸಂದಿನಿಂದ ಬಿಡಬೇಕು. ನೀರು ಬಿಡದಿದ್ದರೆ ಒಣ ಮಾತ್ರೆ ಅನ್ನನಾಳದಲ್ಲೇ ಅಂಟಿ ಹುಣ್ಣು ಮಾಡಬಹುದು. ಮೂಗು ನೆಕ್ಕಿಕೊಂಡರೆ ನುಂಗಿದ ಎಂದು ಲೆಕ್ಕ. ಮೊದಲ ದಿನ ಕಾಲು ಗಂಟೆ ಹಿಡಿದ ಈ ಕೆಲಸ, ವಾರ ಕಳೆಯುವುದರೊಳಗೆ ಒಂದು ನಿಮಿಷಕ್ಕೆ ಇಳಿಯಿತು. ಆ ದಿನಗಳಲ್ಲಿ ಅವನು ಊಟ ಬಿಡದಂತೆ ನೋಡಿಕೊಳ್ಳುವುದೂ ಒಂದು ಚಿಂತೆಯಾಗಿತ್ತು, ಏಕೆಂದರೆ ಬೆಕ್ಕು ಎರಡು ಮೂರು ದಿನ ಪೂರ್ತಿ ಉಪವಾಸ ಬಿದ್ದರೆ, ಅದರಲ್ಲೂ ದಪ್ಪಗಿನದಾದರೆ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಬೇರೆಯೇ ಕಾಯಿಲೆ ಶುರುವಾಗುತ್ತದೆ.

ಬೂದಿಯ ವ್ಯವಸ್ಥೆಯನ್ನು ನಿಲ್ಲಿಸಿದೆವು. ಬೂದಿಯಲ್ಲಿ ಒದ್ದೆ ಎಷ್ಟು, ಕೆಂಪು ಎಷ್ಟು ಎಂದು ಕಾಣುವುದಿಲ್ಲ, ಮುಕ್ಕಾಲು ಪಾಲು ಮರುದಿನ ಗೊಬ್ಬರದ ಗುಂಡಿಗೆ ಹೋಗುತ್ತದೆ. ಶೌಚಕ್ಕೆ ಮಣ್ಣು ತುಂಬಿಡುವ ಟ್ರೇ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿಗೆ ಇರಬೇಕೆಂಬ ವೈದ್ಯೆಯ ಲೆಕ್ಕದಂತೆ ಎರಡು ಬೆಕ್ಕಿಗೆ ಮೂರು ಟ್ರೇ: ಒಂದು ಬಚ್ಚಲಿನಲ್ಲಿ, ಒಂದು ಜಗಲಿಯ ಮೂಲೆಯಲ್ಲಿ, ಒಂದು ಅಟ್ಟದ ಏಣಿಯ ಹತ್ತಿರ, ಒಂದನ್ನು ಬೆಳ್ಳಿ ಕಾಯುತ್ತ ಕೂತರೂ ಇನ್ನೊಂದು ಸಿಗುವಂತೆ. ಅದಕ್ಕೆ ಹಾಕುವ ಉಂಡೆಗಟ್ಟುವ ಮಣ್ಣನ್ನು ಶಿವಮೊಗ್ಗದಿಂದಲೇ ತರಿಸುತ್ತೇವೆ. ಪ್ರತಿ ಮೂತ್ರವೂ ಒಂದು ಉಂಡೆಯಾಗುವುದರಿಂದ ದಿನಕ್ಕೆ ಎಷ್ಟು, ಎಷ್ಟು ಗಾತ್ರದ್ದು ಎಂದು ಎಣಿಸಬಹುದು. ಆರೋಗ್ಯವಾಗಿರುವಾಗ ಕೆಂಚನದು ದಿನಕ್ಕೆ ಎರಡು ಮೂರು, ಸಣ್ಣ ನಿಂಬೆಹಣ್ಣಿನಷ್ಟು ದೊಡ್ಡವು. ನೀರನ್ನು ಊಟದ ಜಾಗದಿಂದ ದೂರ, ಮೀಸೆ ಅಂಚಿಗೆ ತಾಗದಷ್ಟು ಅಗಲವಾದ ಮಣ್ಣಿನ ಬೋಗುಣಿಗಳಲ್ಲಿ ನಾಲ್ಕು ಕಡೆ ಇಟ್ಟಿದ್ದೇವೆ. ಅವನಿಗೆ ಹೆಚ್ಚು ಇಷ್ಟವಾದದ್ದು ತುಳಸಿಕಟ್ಟೆಯ ಪಕ್ಕದ್ದು. ಹಸಿ ಆಹಾರಕ್ಕೂ ಎರಡು ಚಮಚ ಬೆಚ್ಚಗಿನ ನೀರು ಬೆರೆಸಿಯೇ ಕೊಡುತ್ತೇವೆ. ಬೆಕ್ಕಿನ ಪೆಟ್ಟಿಗೆಯನ್ನೂ ಕೊಂಡೆವು. ಅದನ್ನು ಅಟ್ಟಕ್ಕೆ ಎಸೆಯದೆ, ಬಾಗಿಲು ತೆರೆದು, ನನ್ನ ಹಳೆಯ ಸೀರೆ ಹಾಸಿ ಜಗಲಿಯಲ್ಲೇ ಇಟ್ಟಿರುವುದರಿಂದ ಅವನು ಹಗಲು ಅದರಲ್ಲೇ ಮಲಗುತ್ತಾನೆ. ಆಸ್ಪತ್ರೆಗೆ ಒಯ್ಯಬೇಕಾದಾಗ ಬಾಗಿಲು ಮುಚ್ಚಿದರೆ ಸಾಕು.

ಕೊಟ್ಟಿಗೆಯಿರುವ ಮನೆಗಳಿಗೆ ಇನ್ನೊಂದು ಮಾತನ್ನು ಹೇಳಲೇಬೇಕು. ಹಸುಗಳ ಉಣ್ಣೆಗೆ ಸಿಂಪಡಿಸುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದ ಔಷಧಗಳು, ನಾಯಿಯ ಬೆನ್ನಿಗೆ ಹಚ್ಚುವ ಪರ್ಮೆಥ್ರಿನ್ ಇವೆಲ್ಲವೂ ಬೆಕ್ಕಿಗೆ ವಿಷ. ನಡುಕ ಬಂದು ಸೆಳವಾಗುತ್ತದೆ. ಮಿಕ್ಕಿದ್ದನ್ನು ಬೆಕ್ಕಿಗೂ ಸವರುವ ಪದ್ಧತಿ ನಮ್ಮ ಕಡೆ ಇದೆ. ನಾವೂ ಹಿಂದೆ ಒಂದು ಸಲ ಸವರಲು ಹೊರಟಿದ್ದೆವು. ಈಗ ಹಸುಗಳಿಗೆ ಔಷಧ ಹೊಡೆದ ದಿನ ಮೈ ಒಣಗುವವರೆಗೆ ಬೆಕ್ಕುಗಳನ್ನು ಕೊಟ್ಟಿಗೆಗೆ ಬಿಡುವುದಿಲ್ಲ.

ಒಮ್ಮೆ ಕಟ್ಟಿದ್ದು ಮತ್ತೆ ಕಟ್ಟುವ ಸಂಭವವಿದೆ, ಮೊದಲ ಕೆಲವು ವಾರಗಳಲ್ಲಿ ಹೆಚ್ಚು, ಪದೇ ಪದೇ ಆದರೆ ನಾಳದ ಸಪೂರ ಭಾಗವನ್ನೇ ತೆಗೆದು ದಾರಿ ಅಗಲ ಮಾಡುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ ಎಂದು ವೈದ್ಯೆ ಮೊದಲೇ ಹೇಳಿದ್ದರು. ಸೆಪ್ಟೆಂಬರಿನ ಒಂದು ರಾತ್ರಿ ಹತ್ತೂವರೆಗೆ ಕೆಂಚ ಜಗಲಿಯ ಟ್ರೇಗೆ ಹೋದ, ಬಂದ, ಮತ್ತೆ ಹೋದ. ನಾನು ಎದ್ದು ಮಣ್ಣನ್ನು ಕೆದಕಿ ನೋಡಿದೆ: ಕಡಲೆಕಾಳಿನಷ್ಟು ಮೂರು ಉಂಡೆ. ಹೊಟ್ಟೆ ಮುಟ್ಟಿ ನೋಡಲು ಧೈರ್ಯ ಬರಲಿಲ್ಲ. ಯಜಮಾನರು ಏನೂ ಕೇಳದೆ ಕಾರಿನ ಕೀಲಿ ತೆಗೆದುಕೊಂಡರು, ನಾನು ಪೆಟ್ಟಿಗೆಯ ಬಾಗಿಲು ಮುಚ್ಚಿದೆ. ಹನ್ನೆರಡೂವರೆಗೆ ಆಸ್ಪತ್ರೆ ತಲುಪಿದೆವು. ವೈದ್ಯೆ ಕೈಯಾಡಿಸಿ, ಮೂತ್ರಕೋಶ ಚಿಕ್ಕದಿದೆ, ಮೆತ್ತಗಿದೆ, ಕಟ್ಟಿಲ್ಲ, ಉರಿಯೂತ ಮಾತ್ರ ಎಂದರು. ಸುಮ್ಮನೆ ನಡುರಾತ್ರಿ ಎಬ್ಬಿಸಿದೆನೇನೋ ಎಂದು ನಾನು ಸಂಕೋಚಪಟ್ಟೆ. "ಹೀಗೆ ಹತ್ತು ಸಲ ಬನ್ನಿ, ಜುಲೈನಲ್ಲಿ ಬಂದ ಹಾಗೆ ಒಂದು ಸಲವೂ ಬರಬೇಡಿ," ಎಂದರು ಅವರು. ನೋವಿನ ಚುಚ್ಚುಮದ್ದು, ಐದು ದಿನದ ಔಷಧ, ಇಷ್ಟರಲ್ಲಿ ಮುಗಿಯಿತು.

ಆಮೇಲೆ ಎರಡು ಮಳೆಗಾಲಗಳು ಕಳೆದಿವೆ. 4.8 ಕಿಲೋ ಇದ್ದವನು ಈಗ 4.3ಕ್ಕೆ ಇಳಿದಿದ್ದಾನೆ, ಬೆಳ್ಳಿಯೊಡನೆ ಸ್ನೇಹವಿಲ್ಲ, ಜಗಳವೂ ಇಲ್ಲ. ವರ್ಷಕ್ಕೊಮ್ಮೆ ಲಸಿಕೆಯ ಜೊತೆಗೆ ಮೂತ್ರ, ರಕ್ತದ ಪರೀಕ್ಷೆಯನ್ನೂ ಮಾಡಿಸುತ್ತೇವೆ. ಬೆಳಿಗ್ಗೆ ಟ್ರೇಗಳನ್ನು ಬಳಿಯುವ ಕೆಲಸ ನನ್ನದು. ಮಳೆ ಜೋರಾಗಿರುವ ದಿನಗಳಲ್ಲಿ ಅತ್ತೆಯವರು ಜಪದ ಮಣೆಯಿಂದ ಏಳುವ ಮೊದಲೇ ಜಗಲಿಯ ಕಡೆಗೆ ಕತ್ತು ಚಾಚಿ, "ಎಷ್ಟು?" ಎಂದು ಕೇಳುತ್ತಾರೆ. ಮೂರು, ದೊಡ್ಡವು ಎನ್ನುತ್ತೇನೆ. ಆಗ ಕಾಫಿಗೆ ನೀರಿಡಲು ಹೇಳುತ್ತಾರೆ.